ಫಿಫ್ತ್ ವ್ಹೀಲ್ ಟ್ರೇಲರ್: ಯಾವ ಆಪ್ಷನ್‌ಗೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು

2019ರಲ್ಲಿ ಕೊಂಡ 36 ಅಡಿಯ ಫಿಫ್ತ್ ವ್ಹೀಲ್ ಇವತ್ತಿಗೂ ನಮ್ಮ ಹತ್ತಿರ ಇದೆ. ಫಿಫ್ತ್ ವ್ಹೀಲ್ ಅಂದರೆ ಪಿಕಪ್ ಟ್ರಕ್‌ಗೆ ಜೋಡಿಸಿ ಎಳೆಯುವ, ಒಳಗೇ ಇರಬಹುದಾದ ಮನೆಯಂಥ ಟ್ರೇಲರ್. ಡಲ್ಲಾಸ್‌ನಿಂದ ಹೊರಟು ಕೊಲರಾಡೋ, ಅರಿಜೋನಾ, ಯೆಲ್ಲೋಸ್ಟೋನ್ ಕಡೆಯೆಲ್ಲ ಎಳೆದುಕೊಂಡು ಹೋಗಿದ್ದೇವೆ. ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ ಮಾವ ಬಂದಾಗ ಅವರೂ ಇದರಲ್ಲೇ ಇದ್ದಿದ್ದಾರೆ. ಹಾಗಾಗಿ ಡೀಲರ್ ಕೊಡುವ ಆಪ್ಷನ್ ಪಟ್ಟಿಯಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ. ಆಮೇಲೆ ಹಾಕಿಸಲು ಕಷ್ಟವಾದದ್ದನ್ನು ಫ್ಯಾಕ್ಟರಿಯಲ್ಲೇ ಹಾಕಿಸಿ. ಅಂದರೆ ನೆಲದ ಕೆಳಗಿನದು, ಗೋಡೆಯೊಳಗಿನ ವೈರು, ಕಿಟಕಿ. ಉಳಿದದ್ದಕ್ಕೆ ಅವಸರ ಬೇಡ.

ಪಟ್ಟಿ ನೋಡುವ ಮೊದಲು ಬಾಗಿಲ ಹತ್ತಿರ ಅಂಟಿಸಿರುವ ಹಳದಿ ಸ್ಟಿಕರ್ ಓದಿ. ಇನ್ನೆಷ್ಟು ಪೌಂಡ್ ಸಾಮಾನು ತುಂಬಬಹುದು ಅಂತ ಅದರಲ್ಲಿರುತ್ತದೆ. ನೀವು ಸೇರಿಸುವ ಒಂದೊಂದು ಆಪ್ಷನ್ನೂ ಆ ಲೆಕ್ಕವನ್ನು ತಿನ್ನುತ್ತದೆ. ಫಿಫ್ತ್ ವ್ಹೀಲ್ ಪಿಕಪ್‌ನ ಹಿಂದೆ ಅಲ್ಲ, ಅದರ ಬೆಡ್ (ಸಾಮಾನು ಹಾಕುವ ತೆರೆದ ಭಾಗ) ಒಳಗಿನ ಹಿಚ್, ಅಂದರೆ ಕೊಂಡಿಯ ಮೇಲೆ ಕೂರುತ್ತದೆ. ಟ್ರೇಲರ್ ತೂಕದ ಶೇಕಡಾ 20ರಿಂದ 25ರಷ್ಟು ಪಿಕಪ್ ಬೆನ್ನ ಮೇಲೇ ಬೀಳುತ್ತದೆ. 14,000 ಪೌಂಡಿನ ಟ್ರೇಲರ್ ಅಂದರೆ 2,800ರಿಂದ 3,500 ಪೌಂಡ್. ವಾಷಿಂಗ್ ಮೆಷಿನ್, ಜನರೇಟರ್ ಎರಡನ್ನೂ ಸಾಮಾನ್ಯವಾಗಿ ಮುಂಭಾಗದಲ್ಲೇ ಇಡುತ್ತಾರೆ. ಆ ಭಾರದ ಬಹುಪಾಲು ಪಿಕಪ್ ಮೇಲೇ ಅಲ್ವಾ? ಮುಕ್ಕಾಲು ಟನ್ನಿನ ಪಿಕಪ್ (ಭಾರ ಎಳೆಯುವ ದೊಡ್ಡ ಪಿಕಪ್‌ಗಳಲ್ಲಿ ಚಿಕ್ಕದು) ಇರುವವರು ಇದನ್ನು ಎರಡು ಸಲ ಲೆಕ್ಕ ಹಾಕಬೇಕು.

ನನ್ನ ಪ್ರಕಾರ ಮೊದಲ ದುಡ್ಡು ಹೋಗಬೇಕಾದದ್ದು ಚಕ್ರಗಳ ಕಡೆಗೆ. ಡೀಲರ್ ಇದರ ಬಗ್ಗೆ ಜಾಸ್ತಿ ಮಾತಾಡುವುದೇ ಇಲ್ಲ. ನಮ್ಮ ಹಳೆಯ ಚಿಕ್ಕ ಟ್ರೇಲರಿಗೆ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಇತ್ತು. ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70ರಲ್ಲಿ ಹೋದರೆ ಐಸನ್‌ಹೋವರ್ ಸುರಂಗ ಸಿಗುತ್ತದೆ. 11,000 ಅಡಿಗಿಂತ ಎತ್ತರದ ಜಾಗ. ಅಲ್ಲಿಂದ ಇಳಿಯುವಾಗ ಡ್ರಮ್ ಬಿಸಿಯಾಗಿ ಹಿಡಿತ ಕಡಿಮೆಯಾಗುವುದು ಕಾಲಿಗೇ ಗೊತ್ತಾಗುತ್ತಿತ್ತು. ಹಾಗಾಗಿ ಈ ಟ್ರೇಲರಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಹಾಕಿಸಿಕೊಂಡೆವು. ಅದೇ ಇಳಿಜಾರು, ಈಗ ಪಿಕಪ್ ಒಂದನ್ನೇ ಓಡಿಸುತ್ತಿರುವಷ್ಟು ನೆಮ್ಮದಿ. ಪಟ್ಟಿಯಲ್ಲಿ ಇದು ದುಬಾರಿ ಸಾಲುಗಳಲ್ಲಿ ಒಂದು, ಆದರೂ ಇದರಲ್ಲಿ ಚೌಕಾಸಿ ಮಾಡಬೇಡಿ.

ಟಯರ್ ಕೂಡ ಅಷ್ಟೇ. ನಮ್ಮ ಟ್ರೇಲರ್ ಜೊತೆ ಬಂದ ಟಯರ್‌ಗಳಲ್ಲಿ ಒಂದು ಅಮರಿಲೋ ಹತ್ತಿರ ಹೈವೇಯಲ್ಲಿ ಸಿಡಿಯಿತು. ಟಯರ್ ಹೋದರೆ ಹೋಗಲಿ, ಅದರ ರಬ್ಬರ್ ಚೂರು ಬಡಿದು ಅಡಿಯ ಹೊದಿಕೆಯನ್ನು ಹರಿದು ವೈರುಗಳನ್ನೂ ಕಿತ್ತುಹಾಕಿತು. ಆಮೇಲೆ ನಾಲ್ಕಕ್ಕೂ ಜಿ ರೇಟಿಂಗ್ ಟಯರ್ ಹಾಕಿಸಿದೆವು. ಇ ರೇಟಿಂಗ್‌ಗಿಂತ ಇವು ಜಾಸ್ತಿ ಭಾರ ಹೊರುತ್ತವೆ. ರಿಮ್ ಕೂಡ ಅಷ್ಟು ಗಾಳಿಯ ಒತ್ತಡ ತಡೆಯಬೇಕು, ಅದನ್ನು ಕೇಳಿಯೇ ಹಾಕಿಸಿ. ಜೊತೆಗೆ ಟಯರಿನ ಒತ್ತಡ, ಬಿಸಿ ತೋರಿಸುವ ಮಾನಿಟರ್ ಬೇಕೇ ಬೇಕು. ಅದನ್ನು ಡೀಲರ್ ಹತ್ತಿರ ಕೊಳ್ಳಬೇಕಾಗಿಲ್ಲ, ಹೊರಗೆ ಕೊಂಡು ಹತ್ತು ನಿಮಿಷದಲ್ಲಿ ನೀವೇ ಹಾಕಿಕೊಳ್ಳಬಹುದು. ಸಸ್ಪೆನ್ಷನ್‌ನಲ್ಲಿ ಪ್ಲಾಸ್ಟಿಕ್ ಬುಷ್ ಬದಲು ಗ್ರೀಸ್ ತುಂಬಬಹುದಾದ ಕಂಚಿನ ಬುಷ್ ಸಿಗುತ್ತದೆಯೇ ಅಂತಲೂ ಕೇಳಿ. ಪ್ಲಾಸ್ಟಿಕ್ ಬುಷ್ ಬೇಗ ಸವೆಯುತ್ತದೆ.

ಇನ್ನು ಕರೆಂಟ್. 30 ಆಂಪ್ ಟ್ರೇಲರಿಗೆ 120 ವೋಲ್ಟ್‌ನಲ್ಲಿ 3,600 ವ್ಯಾಟ್ ಸಿಗುತ್ತದೆ. 50 ಆಂಪ್ ಅಂದರೆ ಎರಡು ಲೈನ್ ಬರುತ್ತವೆ, ಒಟ್ಟು 12,000 ವ್ಯಾಟ್. ಜುಲೈ ತಿಂಗಳಲ್ಲಿ ಟೆಕ್ಸಸ್‌ನಲ್ಲೋ ಅರಿಜೋನಾದಲ್ಲೋ ನಿಂತರೆ ಇಷ್ಟು ದೊಡ್ಡ ಟ್ರೇಲರಿಗೆ ಒಂದು ಎ.ಸಿ. ಸಾಲುವುದಿಲ್ಲ. ಎರಡನೆಯ ಎ.ಸಿ. ಮತ್ತು 50 ಆಂಪ್ ಸರ್ವಿಸ್ ಫ್ಯಾಕ್ಟರಿಯಿಂದಲೇ ಬರಲಿ. ಸದ್ಯಕ್ಕೆ ದುಡ್ಡಿಲ್ಲ ಅಂದರೆ ಎರಡನೆಯದಕ್ಕೆ ವೈರಿಂಗ್ ಮಾತ್ರ ಮಾಡಿಸಿಕೊಳ್ಳಿ, ಎ.ಸಿ. ಆಮೇಲೆ ಕೂರಿಸಬಹುದು.

ಇದರ ಜೊತೆಗೆ ವೋಲ್ಟೇಜ್ ಕಾಯುವ ಪೆಟ್ಟಿಗೆ, ಇ.ಎಂ.ಎಸ್. ಅಂತಾರೆ. ಕ್ಯಾಂಪ್‌ಗ್ರೌಂಡ್ ತುಂಬಿದ ಸಂಜೆ ಎಲ್ಲರೂ ಎ.ಸಿ. ಹಾಕಿದಾಗ ವೋಲ್ಟೇಜ್ ಬೀಳುತ್ತದೆ. 104ಕ್ಕಿಂತ ಕೆಳಗಿಳಿದರೆ ನಮ್ಮದು ಕರೆಂಟನ್ನೇ ಕಡಿದುಬಿಡುತ್ತದೆ. ಸೆಕೆಯಲ್ಲಿ ಕೂತವರಿಗೆ ಕಿರಿಕಿರಿ, ನಿಜ. ಆದರೆ ಎ.ಸಿ.ಯ ಕಂಪ್ರೆಸರ್ ಉಳಿಯುತ್ತದೆ. ಕೆಲವು ನೂರು ಡಾಲರಿನ ಈ ಪೆಟ್ಟಿಗೆ ನಮ್ಮ ಟ್ರೇಲರಿನಲ್ಲಿ ನನಗೆ ತುಂಬಾ ಇಷ್ಟವಾದ ವಸ್ತುಗಳಲ್ಲಿ ಒಂದು.

ಸೋಲಾರ್ ವಿಷಯದಲ್ಲಿ ನಾನು ಬೇರೆ ಥರ ಯೋಚಿಸುತ್ತೇನೆ. ಫ್ಯಾಕ್ಟರಿ ಪ್ಯಾಕೇಜ್‌ನಲ್ಲಿ ಪ್ಯಾನೆಲ್ ಕಡಿಮೆ, ಬೆಲೆ ಜಾಸ್ತಿ. ಚಾವಣಿಯಿಂದ ಬ್ಯಾಟರಿ ತನಕ ದಪ್ಪ ವೈರು ಎಳೆಸಿಕೊಳ್ಳಿ, ಸಾಕು. ಉಳಿದದ್ದನ್ನು ನಾವೇ ಮಾಡಿಕೊಂಡೆವು. 100 ಆಂಪ್-ಅವರ್ ಲಿಥಿಯಂ ಬ್ಯಾಟರಿಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ಲೆಡ್ ಬ್ಯಾಟರಿಯಲ್ಲಿ ಅರ್ಧದ ತನಕ ಮಾತ್ರ. ಇನ್‌ವರ್ಟರ್ 2,000 ವ್ಯಾಟ್‌ಗಿಂತ ಕಡಿಮೆ ಬೇಡ. ಚಟ್ನಿಗೆ ಮಿಕ್ಸಿ ಹಾಕಿದ ತಕ್ಷಣ ಅದು ಒಮ್ಮೆಲೇ ಎಳೆಯುವ ಕರೆಂಟನ್ನು ಚಿಕ್ಕ ಇನ್‌ವರ್ಟರ್ ತಡೆಯುವುದಿಲ್ಲ.

2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿದ್ದು ನಿಮಗೆ ನೆನಪಿರಬಹುದು. ಮನೆಯಲ್ಲಿ ಕರೆಂಟಿಲ್ಲ, ಹೀಟರಿಲ್ಲ. ನಾವು ಟ್ರೇಲರಿಗೆ ಹೋಗಿ ಮಲಗಿದೆವು. ಅದರ ಹೀಟರ್ ಪ್ರೊಪೇನ್ ಗ್ಯಾಸ್‌ನಲ್ಲಿ ಉರಿಯುತ್ತದೆ, ಫ್ಯಾನಿಗೆ ಮಾತ್ರ 12 ವೋಲ್ಟ್ ಬೇಕು. ಬ್ಯಾಟರಿ ಗಟ್ಟಿ ಇದ್ದದ್ದರಿಂದ ರಾತ್ರಿಯೆಲ್ಲ ಓಡಿತು. ನೀರಿನ ಟ್ಯಾಂಕ್‌ಗಳ ಕೆಳಗೆ ಹೀಟಿಂಗ್ ಪ್ಯಾಡ್ ಇತ್ತು, ನೀರೂ ಸಿಕ್ಕಿತು. ಆದ್ದರಿಂದ ಬೆಚ್ಚಗಿನ ಪ್ರದೇಶದಲ್ಲಿರುವವರಿಗೂ ಚಳಿ ಪ್ಯಾಕೇಜ್ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ‘ಆರ್ಕ್ಟಿಕ್’, ‘ಫೋರ್ ಸೀಸನ್’ ಅನ್ನುವ ಹೆಸರಿಗೆ ಮರುಳಾಗಬೇಡಿ. ಟ್ಯಾಂಕಿಗೆ ಪ್ಯಾಡ್ ಇದೆಯೇ, ಅಡಿಭಾಗಕ್ಕೆ ಬಿಸಿಗಾಳಿ ಹೋಗುತ್ತದೆಯೇ, ಕಿಟಕಿಗೆ ಎರಡು ಪದರದ ಗಾಜೇ, ಇವನ್ನು ಒಂದೊಂದಾಗಿ ಕೇಳಿ. ಇನ್ನೊಂದು ವಿಷಯ: ಒಳಗೆ ಬಿಸಿ ಮಾಡುವ ವ್ಯವಸ್ಥೆ ಇಲ್ಲದ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಆಟೋ ಲೆವೆಲಿಂಗ್ ಬಗ್ಗೆ ಎರಡು ಮಾತಿಲ್ಲ, ತೆಗೆದುಕೊಳ್ಳಿ. ಒಂದು ಬಟನ್ ಒತ್ತಿದರೆ ಹೈಡ್ರಾಲಿಕ್ ಕಾಲುಗಳು ತಾವೇ ಮಟ್ಟ ನೋಡಿಕೊಂಡು ಇಳಿಯುತ್ತವೆ. ಮತ್ತೆ ಪಿಕಪ್‌ಗೆ ಜೋಡಿಸುವಾಗ ಹಿಚ್ ಎಷ್ಟು ಎತ್ತರದಲ್ಲಿತ್ತು ಅನ್ನುವುದೂ ಅದಕ್ಕೆ ನೆನಪಿರುತ್ತದೆ. ಮಳೆಯಲ್ಲಿ, ಕತ್ತಲಲ್ಲಿ, ಎಂಟು ಗಂಟೆ ಗಾಡಿ ಓಡಿಸಿ ಸುಸ್ತಾಗಿ ಬಂದ ಮನೆಯವರಿಗೆ ಇದರ ಬೆಲೆ ಗೊತ್ತು.

ಅಡುಗೆಮನೆ ನನ್ನ ಕ್ಷೇತ್ರ, ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮ ಅಡುಗೆ ಅಂದರೆ ಒಗ್ಗರಣೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಇಡೀ ಟ್ರೇಲರ್ ಕೆಮ್ಮುತ್ತದೆ, ಸ್ಮೋಕ್ ಅಲಾರಂ ಕೂಗುತ್ತದೆ. ಒಲೆಯ ಮೇಲಿನ ಹುಡ್ ಗಾಳಿಯನ್ನು ಹೊರಗೆ ಬಿಡುತ್ತದೆಯೋ, ಸುಮ್ನೆ ಒಳಗೇ ತಿರುಗಿಸುತ್ತದೆಯೋ ನೋಡಿ. ಚಾವಣಿಗೆ ಮಳೆ ಮುಚ್ಚಳವಿರುವ ದೊಡ್ಡ ಫ್ಯಾನ್ ಹಾಕಿಸಿ, ಅದೂ ಅಡುಗೆಮನೆಯ ಹತ್ತಿರ. ಮ್ಯಾಕ್ಸ್‌ಫ್ಯಾನ್ ನಮ್ಮದು, ಜಡಿಮಳೆಯಲ್ಲೂ ಓಡುತ್ತದೆ. ‘ಔಟ್‌ಡೋರ್ ಕಿಚನ್’ ಅಂತ ಒಂದು ಆಪ್ಷನ್ ಇದೆ, ಗೋಡೆಯೊಳಗೆ ಚಿಕ್ಕ ಫ್ರಿಜ್, ಒಲೆ. ಅದು ತಿನ್ನುವ ಜಾಗಕ್ಕೆ ಒಳಗೆ ಒಂದು ಒಳ್ಳೆಯ ಕಪಾಟು ಬರುತ್ತದೆ. ಹೊರಗೆ ಪ್ರೊಪೇನ್ ಪೈಪ್ ಚುಚ್ಚಲು ಒಂದು ಕನೆಕ್ಷನ್ ಇದ್ದರೆ ಸಾಕು. ಮಡಚುವ ಮೇಜಿನ ಮೇಲೆ ಒಲೆ ಇಟ್ಟು ದೋಸೆ, ಬೋಂಡಾ ಎಲ್ಲಾ ಮಾಡಿದ್ದೇನೆ.

ಎಲೆಕ್ಟ್ರಿಕ್ ಫೈರ್‌ಪ್ಲೇಸ್, ಸೆಂಟ್ರಲ್ ವ್ಯಾಕ್ಯೂಮ್, ಹೊರಗಿನ ಟಿ.ವಿ., ಬಣ್ಣದ ದೀಪಗಳು ಬೇಡ. ಸ್ಲೈಡ್‌ಗಳ (ನಿಂತಾಗ ಗೋಡೆಯಿಂದ ಹೊರಗೆ ಚಾಚುವ ಭಾಗಗಳು) ಮೇಲೆ ಹೊದೆಸುವ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತದೆ. ಆದರೂ ಎಲೆ ಉದುರುವ ಪೈನ್ ಮರದ ಕೆಳಗೆ ನಿಲ್ಲುವವರಿಗೆ ಬೇಕು.

ವಯಸ್ಸಾದವರು ಬರುವ ಮನೆಯಾದರೆ ಮೆಟ್ಟಿಲಿನ ಬಗ್ಗೆ ಯೋಚಿಸಿ. ನೆಲಕ್ಕೆ ಕಾಲೂರಿ ನಿಲ್ಲುವ ಗಟ್ಟಿ ಮೆಟ್ಟಿಲು ಸಿಗುತ್ತದೆ. ತೂಗಾಡುವ ಮೆಟ್ಟಿಲಿನಲ್ಲಿ ಅತ್ತೆ ಹತ್ತಲು ಹೆದರುತ್ತಿದ್ದರು, ಇದರಲ್ಲಿ ಒಬ್ಬರೇ ಹತ್ತಿ ಇಳಿಯುತ್ತಾರೆ. ಉದ್ದನೆಯ ಹಿಡಿಕೆಯನ್ನೂ ಹಾಕಿಸಿ. ಫಿಫ್ತ್ ವ್ಹೀಲ್‌ನಲ್ಲಿ ಮಲಗುವ ಕೋಣೆಗೆ, ಹೆಚ್ಚಾಗಿ ಬಚ್ಚಲಿಗೂ, ಒಳಗೇ ಮತ್ತೆ ಎರಡು ಮೂರು ಮೆಟ್ಟಿಲು ಇರುತ್ತವೆ. ಕೊಳ್ಳುವ ಮೊದಲು ಹಿರಿಯರನ್ನೇ ಕರೆದುಕೊಂಡು ಹೋಗಿ ಹತ್ತಿಸಿ ನೋಡಿ.

ಡೀಲರ್ ಅಂಗಳದಲ್ಲಿ ನಿಂತಿರುವ ಟ್ರೇಲರ್‌ನಲ್ಲಿ ಫೈರ್‌ಪ್ಲೇಸ್ ಇರುತ್ತದೆ, ಡಿಸ್ಕ್ ಬ್ರೇಕ್ ಇರುವುದು ಅಪರೂಪ. ಬೇಕಾದದ್ದನ್ನು ಬರೆದುಕೊಟ್ಟು ಆರ್ಡರ್ ಮಾಡಿ. ಇಂಡಿಯಾನಾದ ಎಲ್ಕ್‌ಹಾರ್ಟ್ ಕಡೆಯ ಫ್ಯಾಕ್ಟರಿಯಿಂದ ಬರಲು ಕೆಲವು ತಿಂಗಳು ಕಾಯಬೇಕಾಗಬಹುದು. ಬಂದ ದಿನ ಆರ್ಡರ್ ಹಾಳೆ ಕೈಯಲ್ಲಿ ಹಿಡಿದು, ಟ್ರೇಲರಿನ ಕೆಳಗೆ ಬಗ್ಗಿ ನೋಡಿ ಆಮೇಲೆ ಸಹಿ ಹಾಕಿ.