ಹಳೇ ಸ್ಯಾಕ್ಸಫೋನ್ ಕೊಳ್ಳುವವರೇ, ನಂಬರಿನ ಹತ್ತಿರದ ಅಕ್ಷರ ನೋಡದೆ ದುಡ್ಡು ಕೊಡಬೇಡಿ

ಕಾರವಾರ, ಅಂಕೋಲಾ ಕಡೆ "ಗೋವಾ ಬ್ಯಾಂಡಿನವರ ಹಳೇ ಅಮೆರಿಕನ್ ಆಲ್ಟೋ, ಪ್ಯಾಡ್ ಹಾಕಿಸಿದ್ರೆ ಸಾಕು, 18,000" ಎಂದು ಫೋಟೋ ತೋರಿಸಿ ಮಾರುವವರೊಬ್ಬರಿದ್ದಾರೆ. ಆಲ್ಟೋ ಎಂದರೆ ಮಧ್ಯಮ ಗಾತ್ರದ ಸ್ಯಾಕ್ಸಫೋನ್, ಪ್ಯಾಡ್ ಎಂದರೆ ಅದರ ತೂತು ಮುಚ್ಚುವ ಚರ್ಮದ ಮೆತ್ತೆ. ಹೆಸರು ಬರೆಯುವುದಿಲ್ಲ. ನನ್ನ ಕೈಗೆ ಬಂದ ಒಂದರಲ್ಲಿ ಮೋಸ ಎಲ್ಲಿದೆ ಎಂದು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಂಥದೇ ಇನ್ನೊಂದು ಅವರ ಹತ್ತಿರ ಇದೆ.

ವಾದ್ಯದ ಮೇಲೆ ಕೊರೆದ ಸರಣಿ ನಂಬರಿನ ಫೋಟೋ ಕೇಳಿದಾಗ ಕಳಿಸಿದರು. ಬೆನ್ನಿನ ಕಡೆ, ಹೆಬ್ಬೆರಳಿನ ಕೊಕ್ಕೆಯ ಕೆಳಗೆ, ಡಿಸೆಂಬರ್ 8, 1914ರ ಪೇಟೆಂಟ್ ಸಾಲು, ಅದರ ಕೆಳಗೆ ನಂಬರ್. "ನೋಡಿ ಸರ್, 1914ರ ಪೀಸು" ಅಂದರು. ಅದು ತಯಾರಾದ ವರ್ಷವಲ್ಲ. ಕೊಳವೆಯ ತಗಡನ್ನೇ ಎಳೆದು ತೂತಿನ ಅಂಚು ಮಾಡುವ ವಿಧಾನದ ಪೇಟೆಂಟ್ ಅದು. 1920ರ ದಶಕದ ಎಷ್ಟೋ ಅಮೆರಿಕನ್ ವಾದ್ಯಗಳ ಮೇಲೆ ಇದೇ ಸಾಲು ಇದೆ. ಇಲ್ಲಿಯವರೆಗೆ ದೊಡ್ಡ ಸುಳ್ಳೇನಲ್ಲ. ನಂಬರಿನ ಕೆಳಗೆ ಮಾತ್ರ ಬಂಗಾರದ ಬಣ್ಣ ಬಳಿದ ಒಂದು ಉಬ್ಬು ಇತ್ತು. ಕೇಳಿದ್ದಕ್ಕೆ "ಅದು ಬೆಸುಗೆ ಸರ್, ಪೆಟ್ಟು ಬಿದ್ದಿತ್ತು" ಎಂಬ ಉತ್ತರ.

ಊದಿ ನೋಡೋಣವೆಂದರೆ ಸ್ವರವೇ ಹೊರಡದ ಸ್ಥಿತಿ. ಚರ್ಮದ ಪ್ಯಾಡುಗಳೆಲ್ಲ ಕಲ್ಲಾಗಿದ್ದವು. ಕೆಲವನ್ನು ಅರಗಿನ ಬದಲು ಫೆವಿಕ್ವಿಕ್ ಹಾಕಿ ಕೂರಿಸಿದ್ದರು. ಅದನ್ನು ಬಿಸಿ ಮಾಡಿ ಸರಿ ಕೂರಿಸಲು ಬರುವುದಿಲ್ಲ, ಕೆರೆದೇ ತೆಗೆಯಬೇಕು. ಕಡಲ ಗಾಳಿಗೆ ಸೂಜಿ ಸ್ಪ್ರಿಂಗುಗಳು ತುಕ್ಕು ಹಿಡಿದು ಮುಟ್ಟಿದರೆ ಮುರಿಯುತ್ತಿದ್ದವು. ಕೀಗಳ ಉದ್ದದ ರಾಡುಗಳು ಜಾಮ್. ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟು ಮೆಲ್ಲನೆ ತಿರುಗಿಸಬೇಕು, ಅವಸರ ಮಾಡಿದರೆ ತಲೆಯ ಕಚ್ಚೇ ಹೋಗುತ್ತದೆ. ಆಲ್ಟೋಗೆ ಹೆಚ್ಚುಕಡಿಮೆ 25 ಪ್ಯಾಡು, ಒಂದೊಂದರ ಅಳತೆ ಬೇರೆ. ನೆಕ್ಕಿಗೆ (ಮೌತ್‌ಪೀಸ್ ಕೂರುವ ಬಾಗಿದ ಕುತ್ತಿಗೆಗೆ) ಒಂದೂವರೆ ಮಿಲಿಮೀಟರಿನಷ್ಟು ದಪ್ಪದ ಹೊಸ ಕಾರ್ಕ್. ಕತ್ತಲೆ ಕೋಣೆಯಲ್ಲಿ ಒಳಗೆ ಎಲ್‌ಇಡಿ ಪಟ್ಟಿ ಇಳಿಬಿಟ್ಟು, ಬೆಳಕು ಸೋರುವ ಪ್ಯಾಡುಗಳನ್ನೆಲ್ಲ ಮತ್ತೆ ಬಿಸಿ ಮಾಡಿ ಕೂರಿಸಬೇಕು. ಇಷ್ಟೆಲ್ಲ ಮಾಡಿ ಮುಗಿದ ಮೇಲೇ ವಾದ್ಯ ಬಾಯಿ ಬಿಟ್ಟದ್ದು. ಅವರ ಉಪಾಯ ನಿಂತಿರುವುದೇ ಇದರ ಮೇಲೆ. ಸ್ವರ ಹೊರಡದಿದ್ದರೆ ಶ್ರುತಿ ಗೊತ್ತಾಗುವುದಿಲ್ಲವಲ್ಲ!

ಆಲ್ಟೋದಲ್ಲಿ ಸಿ ಬೆರಳು ಹಾಕಿದರೆ ಹಾರ್ಮೋನಿಯಂನ ಕಪ್ಪು ಎರಡು ಬರಬೇಕು. ಟ್ಯೂನರ್ ಹಚ್ಚಿದರೆ ಸ್ವರ 60 ಸೆಂಟಿಗೂ ಮೇಲೆ (ಅರ್ಧ ಸ್ವರಕ್ಕೆ 100 ಸೆಂಟು). ಯಾವ ಸ್ವರ ಹಿಡಿದರೂ ಮೇಲೆ. ಅನುಮಾನ ಬಂದು ಆ ಬಣ್ಣದ ಉಬ್ಬಿಗೆ ಥಿನ್ನರ್ ಹಚ್ಚಿ ಉಜ್ಜಿದೆ, ಕೆಳಗಿನ ಸೀಸ ಕೆರೆದೆ. ಎಚ್ ಅಕ್ಷರ! ಹೈ ಪಿಚ್, ಅಂದರೆ ಏರು ಶ್ರುತಿ. ಬೇಕಂತಲೇ ಮುಚ್ಚಿದ್ದರು. ಬೇಕಂತಲೇ. ಆ ಅಕ್ಷರದ ಅರ್ಥ ಗೊತ್ತಿಲ್ಲದವರು ಅದರ ಮೇಲೆ ಸೀಸ ಯಾಕೆ ಹಾಕುತ್ತಾರೆ?

ಆ ಕಾಲದಲ್ಲಿ ಎರಡು ಶ್ರುತಿಯ ವಾದ್ಯ ತಯಾರಾಗುತ್ತಿದ್ದವು. ಎಲ್ ಅಥವಾ ಲೋ ಪಿಚ್ ಎಂದರೆ ಎ ಸ್ವರ ಇವತ್ತಿನ 440 ಹರ್ಟ್ಸ್. ಎಚ್ ಎಂದರೆ ಎ ಸ್ವರ ಸುಮಾರು 457 ಹರ್ಟ್ಸ್. ಕೊಳವೆಯೇ ಗಿಡ್ಡ, ತೂತುಗಳೇ ಹತ್ತಿರ ಹತ್ತಿರ. ಇದಕ್ಕೆ ರಿಪೇರಿ ಇಲ್ಲ.

ಫೋನ್ ಮಾಡಿದೆ. "ಎಚ್ ಅಂದ್ರೆ ಹೈ ಕ್ವಾಲಿಟಿ ಸರ್" ಅಂದರು! "ಮಾರಾಯ್ರೇ, ಹಾಗಾದ್ರೆ ಮುಚ್ಚಿದ್ದು ಯಾಕೆ?" ಎಂದರೆ, "ಮೌತ್‌ಪೀಸ್ ಸ್ವಲ್ಪ ಹೊರಗೆ ಎಳೀರಿ, ಕೂಡ್ತದೆ." ಕೂಡುವುದಿಲ್ಲ. ಹೊರಗೆ ಎಳೆದರೆ ಗಿಡ್ಡ ಕೊಳವೆಯ ಮೇಲಿನ ಸ್ವರಗಳು ಬಹಳ ಇಳಿಯುತ್ತವೆ, ಉದ್ದ ಕೊಳವೆಯ ಕೆಳಗಿನ ಸ್ವರಗಳು ಸ್ವಲ್ಪವೇ ಇಳಿಯುತ್ತವೆ. ವಾದ್ಯ ತನ್ನೊಳಗೇ ಬೇಸುರವಾಗುತ್ತದೆ. ಆಮೇಲೆ "ಶ್ರುತಿ ಪೆಟ್ಟಿಗೆ ಏರಿಸ್ಕೊಳ್ಳಿ." ಒಬ್ಬರೇ ಕೂತು ನುಡಿಸುವವರಿಗೆ ಅದಾದರೂ ಆದೀತು. ಮದುವೆ ಮನೆಯಲ್ಲಿ ಪಕ್ಕದಲ್ಲಿ ಇನ್ನೊಂದು ಸ್ಯಾಕ್ಸಫೋನ್, ಕೀಬೋರ್ಡ್ ಇದ್ದರೆ? ಕೊನೆಗೆ "ಬಿಚ್ಚಿದ ಮಾಲು ವಾಪಸ್ ಇಲ್ಲ." ಬಿಚ್ಚದೆ ಊದುವ ಹಾಗೆ ಕೊಟ್ಟಿದ್ದರಾ? ಈಗ ಫೋನ್ ಎತ್ತುವುದೂ ಇಲ್ಲ.

ನಂಬರಿನ ಸುತ್ತ ಬಣ್ಣ, ಟೇಪ್, ಬೆಸುಗೆ ಏನೇ ಇದ್ದರೂ ಎದುರಿಗೇ ತೆಗೆಸಿ, ಒಪ್ಪದಿದ್ದರೆ ಎದ್ದು ಬನ್ನಿ. ಅಕ್ಷರ ಕಾಣದಿದ್ದರೆ ಪ್ಯಾಡ್ ಹಾಕಿಸುವ ಮೊದಲೇ ಪರೀಕ್ಷೆ ಮಾಡಬಹುದು: ಮಾಮೂಲಾಗಿ ಮುಚ್ಚಿಯೇ ಇರುವ ಮೇಲಿನ ಸಣ್ಣ ಕೀಗಳನ್ನು, ಆಕ್ಟೇವ್ ತೂತುಗಳನ್ನು (ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಸಣ್ಣ ತೂತುಗಳನ್ನು) ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ರಬ್ಬರ್‌ಬ್ಯಾಂಡಿನಿಂದ ಬಿಗಿದು, ಬೇರೆ ಯಾವ ಬೆರಳೂ ಹಾಕದೆ ಊದಿ. ಅದು ಆಲ್ಟೋದ ಸಿ ಶಾರ್ಪ್ ಬೆರಳು. ಟ್ಯೂನರಿನಲ್ಲಿ ಇ ಬರಬೇಕು. ಮೌತ್‌ಪೀಸ್ ಕಾರ್ಕಿನ ಅರ್ಧಕ್ಕೆ ಇದ್ದೂ 60 ಸೆಂಟಿನ ಹತ್ತಿರ ಮೇಲೆ ನಿಂತರೆ ಮುಟ್ಟಬೇಡಿ. ನೆಕ್ಕಿನ ಅಡಿಭಾಗದಲ್ಲಿ ಸುಕ್ಕು ಇದ್ದರೆ ಅದು ಬಗ್ಗಿದ ನೆಕ್ಕು, ಅದನ್ನೂ ನೋಡಿ.

ಅವರ ಹತ್ತಿರ ಉಳಿದಿರುವ ಇನ್ನೊಂದು ಆಲ್ಟೋ ಬೆಳ್ಳಿ ಬಣ್ಣದ್ದು, ಬೆಲ್ಲಿನ (ಅಗಲ ಬಾಯಿಯ) ಅಂಚಿನಲ್ಲಿ ತಗ್ಗು ಇದೆ. ಅದರ ಫೋಟೋದಲ್ಲೂ ನಂಬರಿನ ಕೆಳಗೆ ಅದೇ ತರದ ಉಬ್ಬಿದೆ.