ಬ್ರೂಯಿಂಗ್ ಶೆಡ್‌ನ ಹಬೆಗೆ ಹುಡ್ಡೋ, ಕಂಡೆನ್ಸರ್ ಮುಚ್ಚಳವೋ?

ಬಿಯರ್ ತಯಾರಿಸಲು ಕುದಿಸುವಾಗ ಗಂಟೆಗೆ 3 ಲೀಟರ್ ನೀರು ಆವಿಯಾದರೆ ಸುಮಾರು 5,000 ಲೀಟರ್ ಹಬೆ. ತಣ್ಣನೆಯ ತಗಡಿನ ಚಾವಣಿಗೆ ತಾಗಿದೊಡನೆ ಅದು ತೊಟ್ಟಿಕ್ಕುತ್ತದೆ, ಆಮೇಲೆ ಬೂಷ್ಟು.

ಹುಡ್ ಎಂದರೆ ಪಾತ್ರೆಯ ಮೇಲೆ ತೂಗುವ ಕವಚ; ಹಬೆಯನ್ನು ಫ್ಯಾನ್ ಪೈಪಿನ ಮೂಲಕ ಹೊರಗೆಳೆಯುತ್ತದೆ. ಅದು ಪಾತ್ರೆಯ ಅಂಚಿಗಿಂತ ಸುತ್ತಲೂ 15 ಸೆಂ.ಮೀ. ಅಗಲವಿರಲಿ. ಬಹಳ ಜನ ಮರೆಯುವುದು ಗಾಳಿ ಒಳಬರುವ ಕಿಂಡಿಯನ್ನು: ಎದುರು ಗೋಡೆಯ ಕೆಳಭಾಗದಲ್ಲಿ ಪೈಪಿನಷ್ಟಾದರೂ ದೊಡ್ಡ ತೆರಪು ಇಲ್ಲದಿದ್ದರೆ ಎಂಥ ಫ್ಯಾನೂ ಸರಿಯಾಗಿ ಎಳೆಯದು. ಪೈಪಿಗೆ ಇನ್ಸುಲೇಷನ್ ಸುತ್ತಿ, ಹೊರಕ್ಕೆ ಇಳಿಜಾರು ಕೊಡಿ; ಇಲ್ಲವಾದರೆ ಒಳಗೇ ತಣಿದ ನೀರು ಪಾತ್ರೆಗೆ ಮರಳುತ್ತದೆ. ಕುದಿಸುವುದು ಮುಗಿದ ಮೇಲೂ ಅರ್ಧ ಗಂಟೆ ಫ್ಯಾನ್ ಓಡಲಿ.

ಕಂಡೆನ್ಸರ್‌ಗೆ ಗೋಡೆ ಕೊರೆಯಬೇಕಿಲ್ಲ. ಮುಚ್ಚಿದ ಪಾತ್ರೆಯಿಂದ ಬರುವ ಹಬೆಯನ್ನು ತಣ್ಣೀರಿನ ಸಿಂಪಡಣೆ ನೀರಾಗಿಸುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಆದರೆ ನೀರು ಸತತ ಹರಿಯಬೇಕು, ಒಳಗೆ ಉಕ್ಕಿ ಬಂದರೂ ಕಾಣದು.

ವಿದ್ಯುತ್ ಕಾಯಿಲ್, ಚಿಕ್ಕ ಶೆಡ್ ಆದರೆ ಕಂಡೆನ್ಸರ್ ಮೇಲು. ಗ್ಯಾಸ್ ಒಲೆಗೆ ಹುಡ್ಡೇ ಬೇಕು: ಕಾರ್ಬನ್ ಮೊನಾಕ್ಸೈಡನ್ನು ಕಂಡೆನ್ಸರ್ ಹೊರಹಾಕುವುದಿಲ್ಲ.