ಕೆರೆಗೆ ಶೀಟ್ ಹಾಸಿಸುವವರೇ, ಮೊದಲು ತೂಗಿ ನೋಡಿ

ದಕ್ಷಿಣ ಕೊಡಗಿನ ತೋಟದವರೇ, ಕೆರೆಗೆ ಪ್ಲಾಸ್ಟಿಕ್ ಶೀಟ್ ಹಾಸಿಸುವ ಯೋಚನೆ ಇದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಗೋಣಿಕೊಪ್ಪ, ಸಿದ್ದಾಪುರದ ಕಡೆ ಒಬ್ಬ ಗುತ್ತಿಗೆದಾರ ತೋಟ ತೋಟ ಸುತ್ತುತ್ತಿದ್ದಾನೆ. ಹೆಸರು ಬರೆಯುವುದಿಲ್ಲ, ದೂರು ಗ್ರಾಹಕರ ಆಯೋಗಕ್ಕೆ ಹೋಗುತ್ತಿದೆ.

ನಮ್ಮ ಕೆರೆಗೆ ಅವನೊಡನೆ ಮಾತಾದದ್ದು 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಶೀಟಿಗೆ. ಮಾದರಿಯೆಂದು ತಂದ ತುಂಡು ನಿಜಕ್ಕೂ ದಪ್ಪವಿತ್ತು. ಹಾಸಿದ್ದು ಬೇರೆ. ಮಳೆಗಾಲದಲ್ಲಿ ಕೆರೆ ತುಂಬಿತು, ನೋಡಿದವರೆಲ್ಲ ಹೊಗಳಿದರು. ಜನವರಿ ಮುಗಿಯುವಷ್ಟರಲ್ಲಿ ನೀರು ಆಳೆತ್ತರ ಇಳಿದಿತ್ತು. ಸ್ಪ್ರಿಂಕ್ಲರಿನ ಮೋಟಾರನ್ನು ಶೆಡ್ಡಿನಿಂದ ಹೊರಗೇ ತಂದಿರಲಿಲ್ಲ!

ಫೋನ್ ಮಾಡಿದೆ. “ಬಿಸಿಲಿಗೆ ಆವಿಯಾಗಿದೆ ಅಣ್ಣ” ಎಂದ. ಎಂಥ ಆವಿ? ದಿನಕ್ಕೆ ನಾಲ್ಕೈದು ಮಿಲಿಮೀಟರ್ ಹೋದೀತು, ತಿಂಗಳಿಗೆ ಅರ್ಧ ಅಡಿ. ಮತ್ತೆ ಕೇಳಿದರೆ ಏಡಿ ಕೊರೆದಿದೆ ಎಂದ. ಆಮೇಲೆ ಆನೆ ಇಳಿದಿರಬೇಕು ಎಂದ. ಕೊಡಗಿನಲ್ಲಿ ಏನು ಕೆಟ್ಟರೂ ಆನೆಯ ತಲೆಗೆ ಕಟ್ಟಬಹುದು, ಅದು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. ನಮ್ಮ ಕೆರೆಯ ಸುತ್ತ ಸೋಲಾರ್ ಬೇಲಿ ಇದೆ, ಒಂದು ಹೆಜ್ಜೆ ಗುರುತೂ ಇರಲಿಲ್ಲ.

ಉಳಿದ ಶೀಟು ಪಂಪ್ ಶೆಡ್ಡಿನಲ್ಲಿ ಬಿದ್ದಿತ್ತು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಕತ್ತರಿಸಿ ಕರಿಮೆಣಸು ತೂಗುವ ತಕ್ಕಡಿಗೆ ಹಾಕಿದೆ. ನೇಯ್ಗೆಯಿಲ್ಲದ ಎಚ್‌ಡಿಪಿಇ (ಕೆರೆಗೆ ಹಾಸುವ ಗಟ್ಟಿ ಪ್ಲಾಸ್ಟಿಕ್) ಶೀಟು 500 ಮೈಕ್ರಾನ್ ಇದ್ದರೆ ಅಷ್ಟು ತುಂಡು ಸುಮಾರು 470 ಗ್ರಾಂ ತೂಗಬೇಕು. ಇದು 300 ಕೂಡ ಮುಟ್ಟಲಿಲ್ಲ. ತೆಗೆದು ಮತ್ತೆ ಇಟ್ಟೆ. ಅಷ್ಟೇ. ಮಡಿಸಿ ಇಟ್ಟೆ. ಅಷ್ಟೇ! ಕೆಲಸದವರು ಸುತ್ತ ನಿಂತು ನೋಡುತ್ತಿದ್ದರು, ಒಬ್ಬರೂ ಮಾತಾಡಲಿಲ್ಲ. ಮುಖ ಎಲ್ಲಿಟ್ಟುಕೊಳ್ಳಲಿ?

ತಕ್ಕಡಿಯ ಚಿತ್ರ ಕಳುಹಿಸಿದೆ. ಬಂದ ಉತ್ತರ: “ಬಿಲ್ಲಿನಲ್ಲಿ ಮೈಕ್ರಾನ್ ಬರೆದಿದೆಯೇ ನೋಡಿ ಸಾರ್.” ನೋಡಿದೆ. ‘ಪ್ಲಾಸ್ಟಿಕ್ ಶೀಟ್, ಕಪ್ಪು’ ಎಂದಿತ್ತು. ಕಪ್ಪು! ಬಣ್ಣ ಬರೆಯಲು ಜಾಗವಿತ್ತು, ದಪ್ಪ ಬರೆಯಲು ಇರಲಿಲ್ಲ.

ರೋಬಸ್ಟಾ ಕಾಫಿ ಬೆಳೆಯುವವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಹೂವಿಗೆ ಒಮ್ಮೆ ಕೊಟ್ಟರೆ ಸಾಲದು, ಹದಿನೈದು ಇಪ್ಪತ್ತು ದಿನದೊಳಗೆ ಬ್ಯಾಕಿಂಗ್, ಅಂದರೆ ಎರಡನೇ ನೀರು ಕೊಡಬೇಕು. ನಮ್ಮಲ್ಲಿ ಅರ್ಧ ತೋಟಕ್ಕೆ ಹೂವಿನ ನೀರೇ ಸಿಗಲಿಲ್ಲ. ಮೊಗ್ಗು ಗಿಡದಲ್ಲೇ ಒಣಗಿತು. ಹೂ ಅರಳಿಸುವ ಹೂಮಳೆಯೂ ಹೊತ್ತಿಗೆ ಬರಲಿಲ್ಲ.

ಶೀಟಿನ ಉರುಳೆ ಲಾರಿಯಿಂದ ಇಳಿದ ದಿನವೇ, ಅವನ ಎದುರಿಗೇ, ತುಂಡು ಕತ್ತರಿಸಿ ತೂಗಿ. ಬಿಲ್ಲಿನಲ್ಲಿ ಮೈಕ್ರಾನ್ ಬರೆಸಿ. ಮಾದರಿ ತುಂಡನ್ನು ಅವನಿಗೆ ವಾಪಸ್ ಕೊಡಬೇಡಿ, ನನ್ನಿಂದ ನಗುನಗುತ್ತಾ ಇಸಿದುಕೊಂಡು ಹೋದ. ಕೊನೆಯ ಕಂತನ್ನು ಬೇಸಿಗೆವರೆಗೆ ಹಿಡಿದಿಡಿ, ಎಷ್ಟೇ ಅಣ್ಣ ಅಣ್ಣ ಎನ್ನಲಿ. ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮೊನ್ನೆ ಅವನೇ ಫೋನ್ ಮಾಡಿದ್ದ. ಮೇಲೊಂದು ಪದರ ಹಾಸಿಕೊಡುತ್ತಾನಂತೆ, ಅರ್ಧ ಬೆಲೆಗೆ. ಎಷ್ಟು ಮೈಕ್ರಾನ್, ಬರೆದು ಕೊಡುತ್ತೀಯಾ ಎಂದೆ. ಸಿಗ್ನಲ್ ಇಲ್ಲ ಎಂದು ಫೋನ್ ಇಟ್ಟ.